ಮಗುಚಿದ ಕಲ್ಲು

ಬೆಳಿಗ್ಗೆ ತೋಟದ ಮೇಲಿನ ಪಾಂಡವ ಪಾರೆಯನ್ನು ನೋಡಿ ಬಂದಾಗಿನಿಂದ ಕೈ ನಡುಗುತ್ತಿದೆ. ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಮುಚ್ಚುಗಲ್ಲು ಹೊದಿಸಿದ ಪ್ರಾಚೀನ ಸಮಾಧಿ ಅದು. ಯಾರೋ ರಾತ್ರಿ ಮುಚ್ಚುಗಲ್ಲನ್ನು ಹಾರೆಯಿಂದ ಮೀಟಿ ಮಗುಚಿದ್ದಾರೆ. ಒಳಗೆ ಸೊಂಟದಾಳದ ಗುಂಡಿ, ಅಂಚಿನಲ್ಲಿ ನಿಂಬೆಹಣ್ಣು, ಕುಂಕುಮ, ಪುಡಿಯಾದ ಮಡಕೆ. ಎರಡು ಸಾವಿರ ವರ್ಷಕ್ಕೂ ಹಳೆಯ ಸಮಾಧಿಯನ್ನು ನಿಧಿಯ ಆಸೆಗೆ ಒಂದೇ ರಾತ್ರಿಯಲ್ಲಿ ಮುಗಿಸಿದ್ದಾರೆ.

ಗೆಳೆಯನೊಬ್ಬನಿಗೆ ಹೇಳಿಕೊಂಡರೆ, "ಹುಡುಕುವುದರಲ್ಲಿ ತಪ್ಪೇನು? ಒಡಂಬಡಿಕೆಯ ಮಂಜೂಷವನ್ನು ಎಷ್ಟು ಜನ ಹುಡುಕಿಲ್ಲ!" ಎಂದು ಆ ಹುಡುಕಾಟದ ವಿಡಿಯೊವೊಂದನ್ನು ಕಳಿಸಿದ.

ದೇವರ ಹತ್ತು ಕಟ್ಟಳೆಗಳ ಕಲ್ಲುಹಲಗೆಗಳನ್ನು ಇಟ್ಟಿದ್ದರೆಂದು ಬೈಬಲ್ ಹೇಳುವ, ಕಾಣೆಯಾದ ಆ ಪೆಟ್ಟಿಗೆಯನ್ನು ಹುಡುಕಿದ್ದಾರೆ, ನಿಜ. ಹೇಗೆ ಎಂಬುದನ್ನೂ ಕೇಳಬೇಕು. ಬೈಬಲ್‌ನಲ್ಲಿ ಗುಪ್ತಲಿಪಿ ಕಂಡೆನೆಂದ ಫಿನ್ಲೆಂಡಿನ ಯುವೇಲಿಯಸ್‌ನನ್ನು ನಂಬಿ ಬ್ರಿಟನ್ನಿನ ಮಾಂಟೇಗು ಪಾರ್ಕರ್ 1909ರಲ್ಲಿ ಜೆರುಸಲೇಮಿನಲ್ಲಿ ಅಗೆತ ಶುರುಮಾಡಿದ. 1911ರ ಏಪ್ರಿಲ್‌ನಲ್ಲಿ ಕಾವಲಿನವರಿಗೆ ಲಂಚ ಕೊಟ್ಟು, ರಾತ್ರಿ ಹೊತ್ತು ಮುಸ್ಲಿಮರ ಪವಿತ್ರ ಕಟ್ಟಡವಾದ ಬಂಡೆಗುಮ್ಮಟಕ್ಕೇ (ಡೋಮ್ ಆಫ್ ದ ರಾಕ್) ಅವನ ತಂಡದವರು ಗುದ್ದಲಿ ಹಿಡಿದು ನುಗ್ಗಿದರು. ಊರು ದಂಗೆಯೆದ್ದಿತು, ಇವರು ಯಾಫಾ ಬಂದರಿನಿಂದ ಹಡಗು ಹತ್ತಿ ಓಡಿದರು. ಮಂಜೂಷ ಸಿಗಲಿಲ್ಲ. ಆ ಅಗೆತದಿಂದ ಲೋಕಕ್ಕೆ ದಕ್ಕಿದ್ದು ಬೇರೆಯವರ ಕೆಲಸ: ಅಲ್ಲಿನ ಸುರಂಗಗಳನ್ನು ಅಳೆದು, ಚಿತ್ರಿಸಿ ಬರೆದಿಟ್ಟ ಡೊಮಿನಿಕನ್ ಪಾದ್ರಿ ವೆನ್ಸಾನ್‌ನದು.

ಐರ್ಲೆಂಡಿನ ತಾರಾ ಬೆಟ್ಟದ ಕಥೆ ಇನ್ನೂ ನೋವಿನದು. ಅದೇ ಮಂಜೂಷ ಅಲ್ಲಿದೆಯೆಂದು 1899ರಿಂದ 1902ರವರೆಗೆ ಪ್ರಾಚೀನ ದಿಬ್ಬವೊಂದನ್ನು ಕೆದಕಿ ಹಾಳುಮಾಡಿದರು.

"ಟೀಕಿಸುವವರೆಲ್ಲ ನಾಸ್ತಿಕರು" ಎಂಬ ಮಾತೂ ಆ ವಿಡಿಯೊದಲ್ಲಿದೆ. ತಾರಾ ಅಗೆತವನ್ನು ಪ್ರತಿಭಟಿಸಿ ಪತ್ರಿಕೆಗೆ ಬರೆದವರಲ್ಲಿ ಕವಿ ಯೇಟ್ಸ್ ಇದ್ದರು, ಐರಿಷ್ ಭಾಷೆಗಾಗಿ ಬದುಕು ಸವೆಸಿದ ಡಗ್ಲಾಸ್ ಹೈಡ್ ಇದ್ದರು. ಆ ಮಣ್ಣನ್ನು ಪ್ರೀತಿಸುತ್ತಿದ್ದುದರಿಂದಲೇ ಅವರು ಸಿಟ್ಟಾದರು. ಇಥಿಯೋಪಿಯಾದ ಆಕ್ಸುಮ್‌ನಲ್ಲಿ ಮಂಜೂಷ ತಮ್ಮ ಗುಡಿಯಲ್ಲೇ ಇದೆಯೆಂದು ನಂಬುವ ಭಕ್ತರಿದ್ದಾರೆ. ಕಾಯುವ ಸನ್ಯಾಸಿಯೊಬ್ಬನನ್ನು ಬಿಟ್ಟು ಬೇರೆ ಯಾರೂ ಅದರ ಹತ್ತಿರ ಸುಳಿಯುವುದಿಲ್ಲ. ಇದು ನಮಗೆ ಅರ್ಥವಾಗದ ಮಾತೇ? ದೇವರಕಾಡಿನಿಂದ ಒಣಗಿದ ಕಡ್ಡಿಯನ್ನೂ ತರಬಾರದೆಂದು ಹೇಳಿಸಿಕೊಂಡು ಬೆಳೆದವರು ನಾವು. ಕಲ್ಲು ಮಗುಚಿದವನಿಗೂ ಅವನ ಅಜ್ಜಿ ಇದನ್ನು ಹೇಳಿರಬೇಕು.

ಒಂದು ವಿಷಯವನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಅದೇ ಪಾರೆಯ ಸಂದಿಗೆ ಕೈ ತೂರಿಸಿ ಮಡಕೆಯ ಚೂರೊಂದನ್ನು ತಂದಿದ್ದೆ. ಒಳಗೆ ಕಪ್ಪು, ಹೊರಗೆ ಕೆಂಪು. ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಅದು ಯಾವ ಆಳದಲ್ಲಿತ್ತು, ಪಕ್ಕದಲ್ಲಿ ಮೂಳೆಯಿತ್ತೇ, ಕಬ್ಬಿಣವಿತ್ತೇ, ನಾನು ನೋಡಲಿಲ್ಲ. ಇನ್ನು ಯಾವ ತಜ್ಞ ಬಂದರೂ ಅದನ್ನು ಹೇಳಲಾರ. ರಾತ್ರಿ ಬಂದವರು ಇಡೀ ಸಮಾಧಿಗೆ ಮಾಡಿದ್ದನ್ನು ನಾನು ಆ ಒಂದು ಚೂರಿಗೆ ಮಾಡಿದ್ದೆ.

ಠಾಣೆಗೆ ದೂರು ಬರೆದಿದ್ದೇನೆ. ನಾಳೆ ಕೊಡಲು ಹೋಗುವಾಗ ಆ ಚೂರನ್ನೂ ಒಯ್ಯುತ್ತೇನೆ.