ಕೇಂಬ್ರಿಜಿನ ಮಡಿ

ಕೇಂಬ್ರಿಜ್ ವಿಶ್ವವಿದ್ಯಾಲಯದ ಸಹನೆಗೆ ಸಲ್ಲಬೇಕಾದ ಹೊಗಳಿಕೆ ಇನ್ನೂ ಸಂದಿಲ್ಲ. ಓದಿ ಪಾಸಾದ ಹೆಣ್ಣುಮಕ್ಕಳಿಗೆ ಪದವಿ ಕೊಡಬಹುದೇ ಎಂಬ ಪ್ರಶ್ನೆಯನ್ನು ಅದು 1869ರಲ್ಲಿ ಹೆಣ್ಣುಮಕ್ಕಳ ಗರ್ಟನ್ ಕಾಲೇಜು ಆರಂಭವಾದಂದಿನಿಂದ 1948ರವರೆಗೆ, ನಡುವೆ ಎರಡು ಮಹಾಯುದ್ಧಗಳು ಬಂದು ಹೋದರೂ ಅವಸರಪಡದೆ, ಚಿಂತಿಸಿತು. 1890ರಲ್ಲಿ ಹೆಣ್ಣುಮಕ್ಕಳದೇ ಇನ್ನೊಂದು ಕಾಲೇಜಾದ ನ್ಯೂನಮ್ಮಿನ ಫಿಲಿಪ್ಪಾ ಫಾಸೆಟ್ ಗಣಿತದಲ್ಲಿ ಗಂಡಸರೆಲ್ಲರನ್ನೂ ಹಿಂದಿಕ್ಕಿದಾಗ, ಆಕೆಯನ್ನು ಮೊದಲನೆಯವನಿಗಿಂತ ಮೇಲಿನವಳೆಂದು ಸಾರಿ, ಮೊದಲನೆಯ ಸ್ಥಾನವನ್ನು ಹಿಂದೆ ಬಿದ್ದ ಗಂಡಸಿಗೇ ಉಳಿಸಿಕೊಟ್ಟ ಲೆಕ್ಕ ಗಣಿತಶಾಸ್ತ್ರಕ್ಕೂ ಹೊಸದು.

ಮೊದಲ ಯುದ್ಧ ಮುಗಿದ ಮೇಲೆ, 1921ರಲ್ಲಿ, ಹೆಣ್ಣುಮಕ್ಕಳಿಗೆ ಪದವಿಯ ಹೆಸರನ್ನಷ್ಟೇ ಕೊಡುವುದು, ವಿಶ್ವವಿದ್ಯಾಲಯದ ಸದಸ್ಯತ್ವವನ್ನು ಕೊಡದಿರುವುದು ಎಂದು ತೀರ್ಮಾನವಾಯಿತು. ಅಡುಗೆ ಮಾಡಿದವರು ಪಂಕ್ತಿಯಲ್ಲಿ ಕೂರದಂತೆ ನೋಡಿಕೊಳ್ಳುವ ನಮ್ಮ ಮಡಿವಂತರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆ ಗೆಲುವಿನ ಸಂಭ್ರಮದಲ್ಲಿ ವಿದ್ಯಾವಂತ ತರುಣರು ಕೈಗಾಡಿ ನುಗ್ಗಿಸಿ ನ್ಯೂನಮ್ಮಿನ ಕಂಚಿನ ಬಾಗಿಲನ್ನು ಜಖಂ ಮಾಡಿ, ಉನ್ನತ ಶಿಕ್ಷಣಕ್ಕೆ ಯಾರು ಅರ್ಹರೆಂಬುದನ್ನು ನಿಸ್ಸಂದೇಹವಾಗಿ ಸಾಬೀತುಪಡಿಸಿದರು.

ಎರಡನೆಯ ಯುದ್ಧ ಬಂದಾಗ ಮಾತ್ರ ಈ ಅರೆಪದವೀಧರೆಯರ ತಲೆ ಸರ್ಕಾರಕ್ಕೆ ಬೇಕಾಯಿತು. ಅದೇ ನ್ಯೂನಮ್ಮಿನಲ್ಲಿ ಗಣಿತ ಓದಿ ಪ್ರಥಮ ದರ್ಜೆ ಪಡೆದಿದ್ದ ಜೋನ್ ಕ್ಲಾರ್ಕ್ 1940ರ ಜೂನ್‌ನಲ್ಲಿ ಶತ್ರುವಿನ ಗುಪ್ತ ಸಂದೇಶಗಳನ್ನು ಬಿಡಿಸುವ ಬ್ರಿಟಿಷ್ ಕೇಂದ್ರವಾದ ಬ್ಲೆಚ್ಲಿ ಪಾರ್ಕ್ ಸೇರಿದರು. ಮೊದಲು ಗುಮಾಸ್ತೆಯರ ಸಾಲಿನಲ್ಲಿ ಕೂರಿಸಲಾದ ಆಕೆ ಬಹುಬೇಗ ಗಣಿತಜ್ಞ ಅಲನ್ ಟ್ಯೂರಿಂಗ್ ಅವರ ಜೊತೆ ಅಲ್ಲಿನ ಎಂಟನೆಯ ಗುಡಿಸಲಿನಲ್ಲಿ (ಹಟ್ 8 ಎಂಬ ವಿಭಾಗದಲ್ಲಿ) ಜರ್ಮನ್ ನೌಕಾಪಡೆ ಎನಿಗ್ಮಾ ಎಂಬ ಯಂತ್ರದಿಂದ ಹೆಣೆದ ಸಂಕೇತಗಳನ್ನು ಒಡೆಯತೊಡಗಿದರು. ಅಟ್ಲಾಂಟಿಕ್‌ನಲ್ಲಿ ಹಡಗುಗಳು ಜರ್ಮನ್ ಜಲಾಂತರ್ಗಾಮಿಗಳಿಗೆ ಸಿಕ್ಕಿ ಮುಳುಗುವುದೂ ಬದುಕುವುದೂ ಈ ಕೆಲಸವನ್ನು ಅವಲಂಬಿಸಿತ್ತು. ಆದರೆ ಸಂಕೇತಲಿಪಿ ಬಿಡಿಸುವ ಹೆಂಗಸಿಗೆಂದು ಮೇಲಿನ ದರ್ಜೆಯೊಂದು ಸರ್ಕಾರಿ ಕಡತದಲ್ಲಿ ಇರಲಿಲ್ಲ. ಶತ್ರುವಿನ ಯಂತ್ರವನ್ನು ಮಣಿಸಬಹುದು, ಗುಮಾಸ್ತರ ನಿಯಮಾವಳಿಯನ್ನು ಮಣಿಸುವುದುಂಟೇ? ಹಾಗಾಗಿ ಸಂಬಳ ಏರಿಸುವ ಸಲುವಾಗಿ ಆಕೆಯನ್ನು ಭಾಷಾತಜ್ಞೆಯ ದರ್ಜೆಗೆ ಏರಿಸಲಾಯಿತು. ನಮೂನೆ ತುಂಬುವಾಗ ಆಕೆ ದರ್ಜೆಯ ಜಾಗದಲ್ಲಿ ಭಾಷಾತಜ್ಞೆ ಎಂದೂ, ಬಲ್ಲ ಭಾಷೆಗಳ ಜಾಗದಲ್ಲಿ ಒಂದೂ ಇಲ್ಲವೆಂದೂ ಬರೆದು ಖುಷಿಪಡುತ್ತಿದ್ದರು. 1944ರಲ್ಲಿ ಆ ಗುಡಿಸಲಿನ ಉಪಮುಖ್ಯಸ್ಥೆಯಾದಾಗಲೂ ಕೇಂಬ್ರಿಜಿನ ಪಾಲಿಗೆ ಆಕೆ ಪೂರ್ತಿ ಪದವೀಧರೆಯಲ್ಲ.

ಕೊನೆಗೂ 1948ರಲ್ಲಿ ಬಾಗಿಲು ತೆರೆಯಿತು. ಅಂದು ಮೊದಲ ಪದವಿ ಪಡೆದ ಮಹಿಳೆ ಆರನೆಯ ಜಾರ್ಜ್ ದೊರೆಯ ಪತ್ನಿ, ರಾಣಿ ಎಲಿಜಬೆತ್. ಅವರು ಅಲ್ಲಿ ಒಂದು ದಿನವೂ ಓದಿರಲಿಲ್ಲವಾದ್ದರಿಂದ ವಿಶ್ವವಿದ್ಯಾಲಯಕ್ಕೆ ಅಡ್ಡಿಯೇನೂ ಕಾಣಲಿಲ್ಲ.