ಸ್ವಲ್ಪ ಪಕ್ಕಕ್ಕೆ ಸರಿಯುತ್ತೀರಾ?

ಹವ್ಯಾಸಿ ಛಾಯಾಗ್ರಾಹಕನಿಗೆ ಪರಮ ಶತ್ರು ಎಂದರೆ ಕಿತ್ತಳೆ ಬಣ್ಣದ ಟೀ ಶರ್ಟ್ ತೊಟ್ಟ ಪ್ರವಾಸಿ. ಹಳೆಯ ಮಂಟಪದ ಕಂಬಗಳ ಮೇಲೆ ಎಳೆ ಬಿಸಿಲು ಓರೆಯಾಗಿ ಬಿದ್ದಿರುತ್ತದೆ. ಕೆತ್ತನೆಯ ಒಂದೊಂದು ಗೆರೆಯೂ ನೆರಳು ಕಟ್ಟಿಕೊಂಡು ಎದ್ದು ಕಾಣುತ್ತಿರುತ್ತದೆ. ನೀವು ಟ್ರೈಪಾಡ್ ಊರಿ, ಉಸಿರು ಬಿಗಿಹಿಡಿದು ಬೆರಳು ಮುಂದೆ ಚಾಚುತ್ತೀರಿ. ಆಗ ಆತ ಎಲ್ಲಿಂದಲೋ ಬಂದು, ಸರಿಯಾಗಿ ನಡುವಿನ ಕಂಬಕ್ಕೇ ಒರಗಿ, ಮೊಬೈಲ್ ಹೊರತೆಗೆಯುತ್ತಾನೆ. ಅವನ ಮಾತುಕತೆ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಏರಿರುತ್ತದೆ.

ಈ ಹವ್ಯಾಸದಲ್ಲಿ ಫೋಟೊ ತೆಗೆಯುವ ಕೆಲಸ ಬಹಳ ಕಡಿಮೆ. ಉಳಿದದ್ದೆಲ್ಲ ಕಾಯುವುದು. ಸೂರ್ಯ ದಿಗಂತದ ಅಂಚಿನಲ್ಲಿದ್ದಾಗ ಬೆಳಕು ವಾತಾವರಣದಲ್ಲಿ ಹೆಚ್ಚು ದೂರ ಹಾದು ಬರಬೇಕು. ದಾರಿಯಲ್ಲಿ ನೀಲಿಯೆಲ್ಲ ಚದುರಿ, ಹೊಂಬಣ್ಣ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ. ಆ ಸ್ವಲ್ಪ ಹೊತ್ತಿಗಾಗಿ ನಾವು ಕತ್ತಲಲ್ಲೇ ಎದ್ದು ಹೊರಡುತ್ತೇವೆ. ಕಚೇರಿಗೆ ಹೊರಡಲು ಹತ್ತು ಸಲ ಎಬ್ಬಿಸಿಕೊಳ್ಳುವವನು ಬೆಟ್ಟ ಹತ್ತಲು ಅಲಾರಂಗಿಂತ ಮೊದಲೇ ಏಳುವುದನ್ನು ಕಂಡು ಮನೆಯವರು ಏನನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಬೆಳಕು ದೊಡ್ಡವರಿಗೂ ಕಾಯುವುದಿಲ್ಲ. 1941ರ ಒಂದು ಸಂಜೆ ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅಲ್ಲಿನ ನ್ಯೂ ಮೆಕ್ಸಿಕೊ ರಾಜ್ಯದ ಹರ್ನಾಂಡಿಸ್ ಎಂಬ ಹಳ್ಳಿಯ ಪಕ್ಕದಲ್ಲಿ ಹೋಗುತ್ತಿದ್ದರು. ಮೇಲೆ ಚಂದ್ರ, ಕೆಳಗೆ ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಕಾರು ನಿಲ್ಲಿಸಿ ಕ್ಯಾಮೆರಾ ಜೋಡಿಸಿದರೆ ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟೆಂಬುದು ನೆನಪಿದ್ದುದರಿಂದ ಅದರ ಮೇಲೆ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಆ ಒಂದು ಚಿತ್ರ ಜಗತ್ಪ್ರಸಿದ್ಧವಾಯಿತು. ನನಗೆ ಬರುವ ಯೋಚನೆ ಬೇರೆ: ಆ ಕ್ಷಣದಲ್ಲಿ ಯಾರಾದರೂ ಅಡ್ಡ ಬಂದಿದ್ದರೆ?

ಜನರನ್ನು ಚಿತ್ರದಿಂದ ಓಡಿಸುವುದು ಒಂದು ಕಾಲದಲ್ಲಿ ಬಹಳ ಸುಲಭವಿತ್ತು. 1838ರಲ್ಲಿ ಛಾಯಾಗ್ರಹಣಕ್ಕೆ ನಾಂದಿ ಹಾಡಿದವರಲ್ಲಿ ಒಬ್ಬನಾದ ಫ್ರಾನ್ಸಿನ ಡಾಗೇರ್ ಪ್ಯಾರಿಸ್ಸಿನ ಒಂದು ಗಿಜಿಗುಡುವ ಬೀದಿಯ ಫೋಟೊ ತೆಗೆದ. ಆ ಚಿತ್ರ ಮೂಡಲು ಹಲವು ನಿಮಿಷ ಬೇಕಾಯಿತು. ಅಷ್ಟರಲ್ಲಿ ಓಡಾಡುವ ಗಾಡಿ, ಕುದುರೆ, ಮನುಷ್ಯರೆಲ್ಲ ಗುರುತೇ ಇಲ್ಲದಂತೆ ಮಾಯವಾದರು. ಉಳಿದದ್ದು ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನ ಆಕೃತಿ. ಈಗಲೂ ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಕಪ್ಪು ಗಾಜಿನ ಎನ್‌ಡಿ ಫಿಲ್ಟರ್ ಸಿಕ್ಕಿಸಿ ಶಟರನ್ನು ನಿಮಿಷಗಟ್ಟಲೆ ತೆರೆದಿಟ್ಟರೆ ನಡೆದಾಡುವವರು ಅಳಿಸಿಹೋಗುತ್ತಾರೆ. ಜಲಪಾತವನ್ನು ನೊರೆಹಾಲಾಗಿಸುವುದೂ ಇದೇ ಉಪಾಯ. ಆದರೆ ಕಂಬಕ್ಕೆ ಒರಗಿ ಮೊಬೈಲ್ ಹಿಡಿದವನ ಮುಂದೆ ಇದು ನಡೆಯುವುದಿಲ್ಲ. ನಿಂತವನು ಉಳಿಯುತ್ತಾನೆ ಎಂಬುದನ್ನು ಪ್ಯಾರಿಸ್ಸಿನ ಬೂಟಿನವನು ಅಂದೇ ತೋರಿಸಿಕೊಟ್ಟಿದ್ದಾನೆ.

ಆ ಚಿತ್ರ ನೋಡಿದವರ ಕಣ್ಣು ಹುಡುಕುವುದು ಬೀದಿಯನ್ನಲ್ಲ, ಅವನನ್ನೇ. ಇದೇ ನಮ್ಮ ಕಷ್ಟ. ಗಂಟೆಗಟ್ಟಲೆ ಕಾದು, ಒಬ್ಬರೂ ಇಲ್ಲದ ಕೋಟೆಬಾಗಿಲನ್ನು ಸೆರೆಹಿಡಿದು ಮನೆಗೆ ತಂದರೆ ಅದು ಆಳೆತ್ತರವೋ ಆನೆಯೆತ್ತರವೋ ಗೊತ್ತಾಗುವುದಿಲ್ಲ. ಬೆಟ್ಟದ ಸಾಲಿನ ಗತಿಯೂ ಅದೇ. ಕೆಳಗೊಂದು ಪುಟ್ಟ ಮನುಷ್ಯಾಕೃತಿ ಇದ್ದರೆ ಮಾತ್ರ ಬೆಟ್ಟ ಬೆಟ್ಟವಾಗುತ್ತದೆ.

ಹಾಗಾಗಿ ಈಗೀಗ ನಾನು ಜಾಗ ಖಾಲಿಯಾದ ಮೇಲೆ ಮನುಷ್ಯರನ್ನು ಹುಡುಕಲು ಶುರುಮಾಡಿದ್ದೇನೆ. ಯಾರಾದರೂ ಸಿಕ್ಕರೆ, "ಆ ಬಾಗಿಲಿನ ಹತ್ತಿರ ಸ್ವಲ್ಪ ನಡೆದುಹೋಗುತ್ತೀರಾ?" ಎಂದು ವಿನಯದಿಂದ ಕೇಳುತ್ತೇನೆ. ಅಲ್ಲಿಯವರೆಗೆ ಸಹಜವಾಗಿ ಅಡ್ಡಾಡುತ್ತಿದ್ದ ಆಸಾಮಿ ತಕ್ಷಣ ಅಂಗಿ ಎಳೆದುಕೊಂಡು, ತಲೆ ಬಾಚಿಕೊಂಡು, ಪಥಸಂಚಲನಕ್ಕೆ ಬಂದವನ ಹಾಗೆ ಹೆಜ್ಜೆ ಹಾಕುತ್ತಾನೆ. "ಕ್ಯಾಮೆರಾ ಕಡೆ ನೋಡಬೇಡಿ" ಎಂದರೆ ತಪ್ಪದೆ ನೋಡುತ್ತಾನೆ, ನಗುತ್ತಾನೆ. ಆಮೇಲೆ ಹತ್ತಿರ ಬಂದು ಪರದೆಯ ಮೇಲೆ ಇರುವೆಯಷ್ಟು ಚಿಕ್ಕದಾಗಿ ಕಾಣುವ ತನ್ನನ್ನು ಹುಡುಕಿ, "ಮುಖವೇ ಬಂದಿಲ್ಲವಲ್ಲ ಸಾರ್, ಇನ್ನೊಂದು ಹತ್ತಿರದಿಂದ ಹೊಡೆಯಿರಿ" ಎನ್ನುತ್ತಾನೆ. ಹೊಡೆಯುತ್ತೇನೆ. ಕೋಟೆ ಕಾಣದಿದ್ದರೂ ಮುಖ ಚೆನ್ನಾಗಿ ಬರುತ್ತದೆ.