ಮೈನಸ್ 20ರಲ್ಲಿ ಒಂದು ಉಳಿತಾಯ ಯೋಜನೆ

ಖಾಲಿ ತೋಟಾವನ್ನು ಎಸೆಯದೆ, ಅದರ ಬುಡಕ್ಕೆ ಹೊಸ ಪ್ರೈಮರ್ (ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಕೂರಿಸಿ, ಮದ್ದು ಅಳೆದು ಹಾಕಿ, ಮೇಲೊಂದು ಗುಂಡು ಒತ್ತಿ ಮತ್ತೆ ಬಳಸುವ ಹವ್ಯಾಸಕ್ಕೆ ಅಮೆರಿಕದಲ್ಲಿ ಅಭಿಮಾನಿಗಳು ಬಹಳ. ಮಿನ್ನೆಸೋಟದಂಥ ಚಳಿಯ ರಾಜ್ಯದಲ್ಲಿ ಚಳಿಗಾಲವಿಡೀ ನೆಲಮಾಳಿಗೆಯಲ್ಲಿ ಕುಳಿತು ಮಾಡಬಹುದಾದ ಕೆಲಸವೆಂಬುದು ಅದರ ಹೆಚ್ಚುವರಿ ಆಕರ್ಷಣೆ. ಕೊಡಗಿನಲ್ಲಿ ಬೆಳೆದ ನಮ್ಮ ಯಜಮಾನರು ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರನ್ನು ನೋಡುತ್ತಲೇ ದೊಡ್ಡವರಾದವರು. ಇಲ್ಲಿಯ ಪೌರತ್ವ ಸಿಕ್ಕ ಮೇಲೆ ಅವರು ಒಂದು .357 ಮ್ಯಾಗ್ನಮ್ ರಿವಾಲ್ವರ್ ಕೊಂಡರು, ಅದರ ಬೆನ್ನಿಗೇ ತೋಟಾ ತುಂಬುವ ಪ್ರೆಸ್ಸನ್ನೂ ತಂದರು. ಎರಡನೆಯದು ಉಳಿತಾಯಕ್ಕಂತೆ.

ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. 7000 ಗ್ರೇನ್ ಕೂಡಿದರೆ ಒಂದು ಪೌಂಡು, ತಕ್ಕಡಿಯಾದರೋ ಒಂದು ಗ್ರೇನಿನ ಹತ್ತನೆಯ ಭಾಗವನ್ನೂ ಗುರುತಿಸಬೇಕು. ಹೊರಗೆ ಮೈನಸ್ 20 ಡಿಗ್ರಿ ಇರುವಾಗ ಹೀಟರ್ ಬಿಸಿಗಾಳಿ ಊದುತ್ತದೆ, ಊದಿದಾಗಲೆಲ್ಲ ತಕ್ಕಡಿಯ ಅಂಕಿ ಕುಣಿಯುತ್ತದೆ. ಆದ್ದರಿಂದ ಅವರು ಮದ್ದು ತೂಗುವಷ್ಟು ಹೊತ್ತು ಮನೆಮಂದಿಯೆಲ್ಲ ಸ್ವೆಟರ್ ಹಾಕಿಕೊಂಡು ಕೂರಬೇಕು. ಚಳಿಗಾಲದ ಒಣ ಗಾಳಿಗೆ ಮದ್ದಿನ ಕಣಗಳು ಪ್ಲಾಸ್ಟಿಕ್ ಆಲಿಕೆಗೆ ಅಂಟಿಕೊಂಡು, ತೋಟಾದೊಳಕ್ಕೆ ಇಳಿಯಲು ಒಲ್ಲೆವೆನ್ನುತ್ತವೆ. ಆಗ ಕಷ್ಟಪಟ್ಟು ತೂಗಿದ್ದನ್ನೆಲ್ಲ ಸುರುವಿ ಮೊದಲಿನಿಂದ ಆರಂಭ.

ಇದಕ್ಕಿಂತ ದೊಡ್ಡ ಪ್ರಕರಣ ಪ್ರೈಮರಿನದು. ಸುಮಾರು 4.5 ಮಿಲಿಮೀಟರ್ ಅಗಲದ ಆ ಪುಟ್ಟ ಹಿತ್ತಾಳೆ ಬಟ್ಟಲು ಚಳಿಗೆ ಮರಗಟ್ಟಿದ ಬೆರಳಿನಿಂದ ಜಾರಿ ಕಾರ್ಪೆಟ್ಟಿನಲ್ಲಿ ಮಾಯವಾಯಿತು. ಪೆಟ್ಟು ಬಿದ್ದರೆ ಸಿಡಿಯುವುದೇ ಅದರ ಕುಲಕಸುಬು. ವ್ಯಾಕ್ಯೂಮ್ ಕ್ಲೀನರಿನ ಹೊಟ್ಟೆಗೆ ಹೋದರೆ ಅಲ್ಲೇ ಸಿಡಿದೀತು. ಅಯಸ್ಕಾಂತ ಆಡಿಸೋಣವೆಂದರೆ ಹಿತ್ತಾಳೆ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಹೀಗಾಗಿ ಪ್ರೈಮರ್ ಸಿಗುವವರೆಗೆ ಕಸ ಗುಡಿಸಬಾರದೆಂಬ ಆಜ್ಞೆ ಹೊರಟಿತು. ಅದೊಂದು ಆಜ್ಞೆಯನ್ನು ನಾನು ತುಂಬು ಮನಸ್ಸಿನಿಂದ ಪಾಲಿಸಿದೆ.

ಹಿಮದಲ್ಲಿ ರಿವಾಲ್ವರೇ ಮೇಲು ಎಂಬುದನ್ನು ಮಾತ್ರ ನಾನೂ ಒಪ್ಪುತ್ತೇನೆ. ಅವರ ಗೆಳೆಯರೊಬ್ಬರ ಪಿಸ್ತೂಲು ಪ್ರತಿ ಗುಂಡಿಗೂ ಬಿಸಿಯಾದ ಖಾಲಿ ಹಿತ್ತಾಳೆ ತೋಟಾವನ್ನು ಆಚೆಗೆ ಚಿಮ್ಮುತ್ತದೆ, ಅದು ಹಿಮವನ್ನು ಕರಗಿಸಿಕೊಂಡು ಆಳಕ್ಕಿಳಿದರೆ ಮತ್ತೆ ಕಣ್ಣಿಗೆ ಬೀಳುವುದು ವಸಂತದಲ್ಲೇ. ರಿವಾಲ್ವರ್ ಹಾಗಲ್ಲ, ಸಿಲಿಂಡರ್ ತೆರೆದು ಕಡ್ಡಿ ಒತ್ತುವವರೆಗೆ ಖಾಲಿ ತೋಟಾಗಳನ್ನೆಲ್ಲ ಜಿಪುಣನಂತೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ.

ಆದರೆ ಅದಕ್ಕೂ ಒಂದು ದೌರ್ಬಲ್ಯವಿದೆ. ನಿಧಾನವಾಗಿ ಉರಿಯುವ ಕೆಲವು ಮದ್ದುಗಳು, ಪ್ರಮಾಣ ಕಡಿಮೆಯಿದ್ದರಂತೂ, ಚಳಿಯಲ್ಲಿ ಪೂರ್ತಿ ಉರಿಯುವುದಿಲ್ಲ. ಉಳಿದ ಕಣಗಳು ತೋಟಾಗಳನ್ನು ಹೊರಗೆ ತಳ್ಳುವ ನಕ್ಷತ್ರಾಕಾರದ ಬಿಲ್ಲೆಯ ಅಡಿಗೆ ಸೇರಿಕೊಂಡರೆ ಸಿಲಿಂಡರ್ ಮುಚ್ಚುವುದೇ ಇಲ್ಲ. ಕಳೆದ ಜನವರಿಯಲ್ಲಿ, ನನ್ನ ಕನ್ನಡಕ ಉಸಿರಿಗೆ ಮಂಜಾಗಿ, ಅವರ ದಪ್ಪ ಕೈಗವಸು ಟ್ರಿಗರಿನ ಬಳೆಯೊಳಗೆ ತೂರದೆ ಅದನ್ನು ಬಿಚ್ಚಿಟ್ಟು ಬರಿಗೈಯಲ್ಲಿ ನಿಂತಿದ್ದಾಗ, ಹೀಗೆಯೇ ಆಯಿತು.

"ಗಾಬರಿಯಾಗಬೇಡ, ಇದಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಮದ್ದು, ತಂದಿದ್ದೇನೆ," ಎಂದು ಅವರು ಚೀಲಕ್ಕೆ ಕೈಹಾಕಿ, ಆ ಬಿಲ್ಲೆಯ ಸಂದುಗೊಂದಿನ ಕಪ್ಪು ಮಸಿಯನ್ನೆಲ್ಲ ಶ್ರದ್ಧೆಯಿಂದ ಉಜ್ಜತೊಡಗಿದರು.

"ರೀ, ಅದು ಹಳೆಯದೆಂದು ನಿಮಗೆ ಹೇಳಿದವರಾರು? ಇವತ್ತು ಬೆಳಿಗ್ಗೆಯೂ ನಾನು ಅದರಲ್ಲೇ ಹಲ್ಲುಜ್ಜಿದ್ದೇನೆ," ಎಂದೆ.